ಎರಡನೆಯ ಮುದ್ರಣದಲ್ಲಿ ಬದುಕಿದವಳು

ನನ್ನ ಹೆಸರಿನಲ್ಲಿ ಒಂದು ಕಾದಂಬರಿಯಿದೆ. ಅದರ ಮೊದಲ ಮುದ್ರಣದಲ್ಲಿ ನಾಯಕಿ ಸಾಯುತ್ತಾಳೆ, ಎರಡನೆಯದರಲ್ಲಿ ಬದುಕುತ್ತಾಳೆ. ಎರಡಕ್ಕೂ ಒಂದೇ ಮುಖಪುಟ, ಒಂದೇ ಬೆನ್ನುಡಿ, ಒಬ್ಬಳೇ ಲೇಖಕಿ. ಈಗ ಅಂಗಡಿಯಲ್ಲಿ ಸಿಗುವುದು ಎರಡನೆಯದು. ಅದರ ಕೊನೆಯ ಎರಡು ಪುಟಗಳನ್ನು ನಾನು ಬರೆದಿಲ್ಲ. ಹೀಗೆಂದು ಹೇಳಿದರೆ ಜನ ಒಂದು ಕ್ಷಣ ನನ್ನ ಮುಖ ನೋಡಿ, "ಇರಲಿ ಬಿಡಿ, ಬದುಕಿದಳಲ್ಲ, ಒಳ್ಳೇದೇ ಆಯಿತು" ಅನ್ನುತ್ತಾರೆ. ಒಳ್ಳೆಯದು ಯಾರಿಗೆ ಆಯಿತು ಎಂಬುದನ್ನು ಒಮ್ಮೆ ಪೂರ್ತಿ ಬರೆದುಬಿಡುತ್ತೇನೆ.

ನಾನು ಮದುವೆಯಾಗಿ ಪುಣೆಗೆ ಬಂದವಳು. ತವರು ವಿಜಯಪುರದ ಕಡೆ. ಗಂಡ ವಿಮಾ ಕಂಪನಿಯ ಕಚೇರಿಯಲ್ಲಿದ್ದಾರೆ. ಮನೆ ಕೋಥರೂಡದಲ್ಲಿ, ಹಳೆಯ ಸೊಸೈಟಿಯೊಂದರ ಮೂರನೆಯ ಮಹಡಿಯಲ್ಲಿ. ಬಾಗಿಲ ಹೊರಗೆ ಮರಾಠಿ, ಒಳಗೆ ಕನ್ನಡ. ಆ ಒಳಗಿನ ಕನ್ನಡದಲ್ಲೇ ನಾನು ಕತೆ ಬರೆಯುತ್ತಿದ್ದೆ. ಎರಡು ಸಂಕಲನ ಬಂದಿದ್ದವು. ಅವುಗಳ ಪ್ರತಿಗಳು ಬಹುಪಾಲು ನಮ್ಮ ಮಂಚದ ಕೆಳಗೇ ಇದ್ದವು, ಈಗಲೂ ಇವೆ. ಮನೆ ಒರೆಸಲು ಬರುವ ಕೆಲಸದಾಕೆ ಪ್ರತಿಸಲ ಆ ಪೆಟ್ಟಿಗೆಗಳನ್ನು ಎಳೆದು, "ತಾಈ, ಹೇ ಕಧೀ ಕಾಢಣಾರ?" ಎಂದು ಕೇಳುತ್ತಿದ್ದಳು. ಇದನ್ನು ಯಾವಾಗ ತೆಗೆಯುತ್ತೀರಿ ಎಂದು. ನನ್ನ ಸಾಹಿತ್ಯದ ಬಗ್ಗೆ ತಪ್ಪದೆ ವಿಚಾರಿಸಿದವಳು ಅವಳೊಬ್ಬಳೇ.

ಕೈಯಲ್ಲಿದ್ದ ಕೆಲಸ ಬೇರೆ. ಹಿಂದಿ ಧಾರಾವಾಹಿಗಳಿಗೆ ಕನ್ನಡ ಸಂಭಾಷಣೆ ಬರೆಯುವುದು. ಪರದೆಯ ಮೇಲಿನವರ ತುಟಿ ಎಷ್ಟು ಹೊತ್ತು ಆಡುತ್ತದೋ ಅಷ್ಟೇ ಹೊತ್ತಿನಲ್ಲಿ ಕನ್ನಡ ಮಾತು ಮುಗಿಯಬೇಕು. ಅವರ ಬಾಯಿ ಮುಚ್ಚಿದಾಗ ನಮ್ಮ ಮಾತೂ ಮುಚ್ಚಬೇಕು. ಅತ್ತೆ ಸೊಸೆಯರ ಜಗಳ, ದೇವರ ಕತೆ, ನಾಗಿಣಿ, ಎಲ್ಲವನ್ನೂ ಮಾಡಿದ್ದೇನೆ. ಹಾಗೆಯೇ ಒಮ್ಮೆ ಆ ವೈಜ್ಞಾನಿಕ ಧಾರಾವಾಹಿ ಬಂತು. ನೀರು ಬತ್ತಿದ ಭೂಮಿಯನ್ನು ಬಿಟ್ಟು ಒಂದು ದೊಡ್ಡ ನೌಕೆ ಬೇರೆ ಗ್ರಹಕ್ಕೆ ಹೊರಟಿದೆ. ಅದರ ಕ್ಯಾಪ್ಟನ್ ನಡುವಯಸ್ಸಿನ ಹೆಂಗಸು. ಅವಳ ಗಂಡ ಸರಕು ತುಂಬಿದ ಇನ್ನೊಂದು ನೌಕೆಯನ್ನು ನಡೆಸುತ್ತ ಹಿಂದೆ ಬರುತ್ತಿದ್ದಾನೆ. ಇಬ್ಬರೂ ಭೇಟಿಯಾಗಬೇಕು, ಆಗುವುದಿಲ್ಲ. ಕತೆ ಇಷ್ಟೇ. ಉಳಿದದ್ದೆಲ್ಲ ದೀಪ, ಹೊಗೆ, ಸ್ಫೋಟ.

ಅದೇ ಹೊತ್ತಿಗೆ ನನ್ನ ಅಕ್ಕ ನಮ್ಮ ಮನೆಗೆ ಬಂದಳು.

ಅಕ್ಕನನ್ನು ಕೊಟ್ಟದ್ದು ಪುಣೆಯ ಹತ್ತಿರ, ದಿವೆ ಘಾಟಿನ ಮೇಲಿರುವ ಸಾಸವಡಕ್ಕೆ. ಅವಳ ಗಂಡನದು ನಮ್ಮ ಕಡೆಯದೇ ಮನೆತನ. ಅವರಪ್ಪನ ಕಾಲಕ್ಕೇ ಅಲ್ಲಿಗೆ ಬಂದು ಪಾತ್ರೆ ಅಂಗಡಿ ಹಾಕಿದವರು. ಅಕ್ಕನ ಗಂಡನನ್ನು ನಾನು ಮಾಮಾ ಅನ್ನುತ್ತೇನೆ. ಅಂಗಡಿ ಮಾಮಾನ ಹೆಸರಿನಲ್ಲಿದ್ದರೂ ನಡೆಸುತ್ತಿದ್ದವಳು ಅಕ್ಕ. ಲಗ್ನದ ಪಾತ್ರೆ ಭಾಂಡೆ ಕೊಳ್ಳಲು ಬಂದ ಹೆಣ್ಣಿನ ಕಡೆಯವರನ್ನು ಕೂಡಿಸಿ ಚಹಾ ಕುಡಿಸಿ, ಅವರಿಗೆ ಬೇಕಾದದ್ದು ಯಾವುದು, ಬೇಡವಾದದ್ದು ಯಾವುದು ಎಂದು ಅವರಿಗಿಂತ ಮೊದಲು ತಿಳಿದು, ದಬಾಯಿಸಿ ಕೊಡುತ್ತಿದ್ದಳು. ಪಾಲಖಿ ಬಂದಾಗ ಇಡೀ ಊರು ಪಂಢರಪುರಕ್ಕೆ ನಡೆದು ಹೋಗುವ ವಾರಕರಿಗಳಿಂದ ತುಂಬಿಹೋಗುತ್ತದಲ್ಲ, ಆಗ ಅಂಗಡಿಯ ಮುಂದೆ ದೊಡ್ಡ ಹಂಡೆಗಳಲ್ಲಿ ನೀರು ತುಂಬಿಸಿ ನಿಂತು, ನೂಕುವವರಿಗೆ ಮರಾಠಿಯಲ್ಲಿ ಬೈದು ಸಾಲು ಮಾಡಿಸುತ್ತಿದ್ದಳು. ಅಂಥವಳ ಹೊಟ್ಟೆಯಲ್ಲಿ ಗಡ್ಡೆ ಬೆಳೆದಿತ್ತು. ಆಸ್ಪತ್ರೆ ನಮ್ಮ ಮನೆಗೆ ಹತ್ತಿರ. ಹಾಗಾಗಿ ಅವಳನ್ನು ನಾನು ಕರೆದುಕೊಂಡು ಬಂದೆ. ಮಾಮಾ ಅಂಗಡಿ ಬಂದ್ ಇರುವ ದಿನ ಬಂದು ಹೋಗುತ್ತಿದ್ದರು.

ಮಧ್ಯಾಹ್ನ ಔಷಧದ ನಂತರ ಅವಳಿಗೆ ನಿದ್ದೆ ಬರುತ್ತಿರಲಿಲ್ಲ. ನಾನು ಕೆಲಸ ಮಾಡುವ ಕೋಣೆಯಲ್ಲೇ ಗಾದಿಯ ಮೇಲೆ ಮಲಗಿ, ನಾನು ಬರೆದ ಮಾತುಗಳನ್ನು ಓದಿಸಿಕೊಳ್ಳುತ್ತಿದ್ದಳು. ಒಂದು ದಿನ ಕ್ಯಾಪ್ಟನ್ನಳ ಮಾತು ಓದಿದೆ. ಕೇಳಿ ನಕ್ಕಳು.

"ಏ ಹುಚ್ಚಿ, 'ದಯವಿಟ್ಟು ಬಾಗಿಲು ತೆರೆಯಿರಿ' ಅಂತಾಳೇನ ಆಕಿ? ಇಷ್ಟ ದೊಡ್ಡ ಹಡಗ ನಡಸಾಕಿ?"

"ಹಿಂದ್ಯಾಗ ಹಂಗ ಅದ ಅಕ್ಕಾ."

"ಹಿಂದ್ಯಾಗ ಏನರ ಇರಲಿ. ಆಕಿ ಮಾರಿ ನೋಡ. ದಯವಿಟ್ಟು ಅನ್ನೂ ಮಾರಿ ಅದೇನ ಅದು? 'ಬಾಗಲಾ ತಗೀರಿ' ಅಂತಾಳ, ಅಷ್ಟ. ಆಮ್ಯಾಲೆ ತಗಿಯೂತನಾ ಸುಮ್ಮ ನಿಂದರತಾಳ."

ನಾನು ಹಾಗೇ ತಿದ್ದಿದೆ. ತುಟಿಗೆ ಸರಿಯಾಗಿ ಹೊಂದಿತು. ಅಲ್ಲಿಂದ ಮುಂದೆ ಕ್ಯಾಪ್ಟನ್ನಳ ಮಾತುಗಳನ್ನು ಅಕ್ಕನಿಗೆ ಕೇಳಿಸದೆ ಕಳಿಸಲೇ ಇಲ್ಲ. ಅಕ್ಕ ಅಂದದ್ದನ್ನು ಶಿಷ್ಟ ಕನ್ನಡಕ್ಕೆ ಇಳಿಸುತ್ತಿದ್ದೆ, ಆದರೆ ಅದರ ಗತ್ತು ಅವಳದೇ. ಎರಡನೆಯ ಭಾಗ ಮುಗಿಯುವ ಹೊತ್ತಿಗೆ ಆ ಕ್ಯಾಪ್ಟನ್ ಕನ್ನಡದಲ್ಲಿ ಹಿಂದಿಗಿಂತ ಬೇರೆಯೇ ಹೆಂಗಸಾಗಿದ್ದಳು. ಇದು ನಮ್ಮಿಬ್ಬರಿಗೆ ಮಾತ್ರ ಗೊತ್ತಿತ್ತು. ಮುಂಬೈಯಲ್ಲಿ ಅವಳಿಗೆ ದನಿ ಕೊಡುತ್ತಿದ್ದ ಕಲಾವಿದೆಗೂ ಗೊತ್ತಿರಲಿಲ್ಲ. ಅಕ್ಕ ಒಮ್ಮೆ ಕನ್ನಡಿ ನೋಡಿಕೊಂಡು, ಕೂದಲು ಉದುರಿದ ತಲೆಯ ಮೇಲೆ ಕೈ ಆಡಿಸುತ್ತ, "ಆಕಿಗೂ ಒಂದ ಸಲ ತಲಿ ಬೋಳಿಸಿ ತೋರಸಲಿ, ಆಗ ನೋಡೂಣು" ಅಂದಿದ್ದಳು.

ಆಸ್ಪತ್ರೆಯಲ್ಲಿ ಕೊನೆಯ ದಿನ ಬೆಳಿಗ್ಗೆ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, ಬರಬೇಕಾದವರನ್ನು ಕರೆಸಿ ಅಂದರು. ನಾನು ಕಾರಿಡಾರಿನಿಂದಲೇ ಮಾಮಾನಿಗೆ ಫೋನು ಮಾಡಿದೆ.

"ಮಾಮಾ, ಲಗೂನ ಬರ್ರಿ. ಈಗಿಂದೀಗ ಬರ್ರಿ."

ಹಿಂದೆ ಪಾತ್ರೆಗಳ ಸದ್ದು ಕೇಳುತ್ತಿತ್ತು. "ಭೋರ ಊರಿನವರ ಲಗ್ನದ್ದ ಆರ್ಡರ್ ಅದ, ಗಾಡಿ ಬಂದ ನಿಂತದ," ಎಂದರು. "ತುಂಬಿಸಿ ಕಳಿಸಿದ ಕೂಡಲೇ ಹೊರಡತೀನಿ. ಡಾಕ್ಟರು ಹಿಂದಿನ ಸಲಾನೂ ಹಿಂಗ ಅಂದಿದ್ರಲ್ಲವಾ?"

ಹಿಂದಿನ ಸಲವೂ ಹಾಗೆ ಅಂದಿದ್ದರು, ನಿಜ. ಆಗ ಮಾಮಾ ಎಲ್ಲ ಬಿಟ್ಟು ಓಡಿ ಬಂದಿದ್ದರು, ಅಕ್ಕ ಎದ್ದು ಕೂತು ಅವರನ್ನು ಬೈದಿದ್ದಳು. ಈ ಸಲ ಹಾಗಲ್ಲ ಎಂದು ನಾನು ಹೇಳಿದೆ. ಹೇಳಿದ್ದು ಕೇಳಿಸಿತೋ, ಪಾತ್ರೆಗಳ ಸದ್ದಿನಲ್ಲಿ ಹೋಯಿತೋ ಗೊತ್ತಿಲ್ಲ.

ಅಕ್ಕ ಮಂಪರಿನಲ್ಲಿದ್ದಳು. ನಡುವೆ ಕಣ್ಣು ತೆರೆದು ಮಂಚದ ಕೆಳಗೆ ಕೈ ಚಾಚಿದಳು. "ನನ್ನ ಚಪ್ಪಲ ಎಲ್ಲೆ ಇಟ್ಟೀರಿ? ಅವರು ಬಂದ್ರಂದ್ರ ಹೊರಡಬೇಕು." ನಾನು ಚಪ್ಪಲಿ ತೆಗೆದು ಕಾಲ ಹತ್ತಿರ ಇಟ್ಟೆ. ಹಾಕು ಅಂದಳು. ಊದಿದ ಕಾಲಿಗೆ ಅದು ಹೋಗಲಿಲ್ಲ. ಹಾಗೇ ಬೆರಳ ತುದಿಗೆ ಸಿಕ್ಕಿಸಿದೆ. ಸ್ವಲ್ಪ ಹೊತ್ತಿಗೆ ಹೋದಳು. ಮಾಮಾ ಬಂದಾಗ ಮಧ್ಯಾಹ್ನವಾಗಿತ್ತು. ದಿವೆ ಘಾಟಿನಲ್ಲಿ ಲಾರಿಯೊಂದು ಕೆಟ್ಟು ನಿಂತಿತ್ತಂತೆ. ಇರಬಹುದು. ಆ ಘಾಟಿನಲ್ಲಿ ದಿನಾ ಯಾವುದೋ ಲಾರಿ ಕೆಟ್ಟು ನಿಂತಿರುತ್ತದೆ. ಅದಕ್ಕೇ ಬೇಗ ಹೊರಡಬೇಕು.

ಸಾಸವಡದಲ್ಲಿ ದಿನಕರ್ಮ ಮುಗಿಯುವವರೆಗೂ ನಾನು ಅಲ್ಲೇ ಇದ್ದೆ. ಬಂದವರೆಲ್ಲ ಮಾಮಾನ ಭುಜದ ಮೇಲೆ ಕೈಯಿಟ್ಟು, "ಭಾಳ ಮಾಡಿದ್ರಿ ನೀವು, ಯಾರೂ ಇಷ್ಟ ಮಾಡಂಗಿಲ್ಲ" ಅನ್ನುತ್ತಿದ್ದರು. ನಾನು ಒಳಗೆ ಹಿಟ್ಟು ನಾದುತ್ತ ಅದನ್ನು ಕೇಳಿಸಿಕೊಂಡೆ.

ಕೆಲವು ತಿಂಗಳ ನಂತರ ಧಾರಾವಾಹಿಯ ಕಂಪನಿಯಿಂದ ಕರೆ ಬಂತು. ಅಲ್ಲಿ ಕನ್ನಡದ ವ್ಯವಹಾರ ನೋಡುವ ಹುಡುಗ ಮೈಸೂರಿನ ಕಡೆಯವನು. ಹುಡುಗ ಎಂದರೆ ಮೂವತ್ತು ದಾಟಿದ್ದಾನೆ, ಆದರೆ ನನಗೆ ಹುಡುಗನೇ. ಸಾಫ್ಟ್‌ವೇರ್ ಕೆಲಸಕ್ಕೆಂದು ಪುಣೆಗೆ ಬಂದು, ಅದನ್ನು ಬಿಟ್ಟು ಇದಕ್ಕೆ ಸೇರಿದವನು. ಸಭ್ಯ. ಅವನ ಮೇಲೆ ನನಗೆ ಈಗಲೂ ಕೋಪ ಬರಿಸಿಕೊಳ್ಳಲು ಆಗುವುದಿಲ್ಲ, ಅದೇ ಒಂದು ಸಂಕಟ.

"ಮೇಡಂ, ಸೀರೀಸ್ ಇಲ್ಲಿಗೆ ನಿಲ್ಲಿಸ್ತಾ ಇದಾರೆ," ಅಂದ. "ಮೂರನೇ ಸೀಸನ್ ಶೂಟ್ ಮಾಡಲ್ಲ. ಆದ್ರೆ ಕತೆಗೆ ಒಂದು ಎಂಡಿಂಗ್ ಬೇಕಲ್ಲ? ಅದನ್ನ ಕಾದಂಬರಿ ಮಾಡಿ ತರೋಣ ಅಂತ. ಪ್ರತಿ ಭಾಷೇಲೂ ಅಲ್ಲಲ್ಲಿನ ರೈಟರ್ ಹತ್ರ ಬರೆಸ್ತಾರೆ. ಕನ್ನಡಕ್ಕೆ ನಾನು ನಿಮ್ಮ ಹೆಸರು ಕೊಟ್ಟಿದೀನಿ. ನಮ್ಮ ಕ್ಯಾಪ್ಟನ್ ಇಷ್ಟು ಚೆನ್ನಾಗಿ ಮಾತಾಡಿದ್ದು ನಿಮ್ಮಿಂದಾನೇ."

ಟೀವಿಯಲ್ಲಿ ಬಂದದ್ದನ್ನು ಪುಸ್ತಕ ಮಾಡುವುದನ್ನು ನನ್ನಂಥವರು ಕೀಳೆಂದೇ ತಿಳಿದಿರುತ್ತೇವೆ. ಗಂಡ ಕೂಡ, "ಅದನ್ನ ಯಾಕ ಮಾಡತಿ, ನಿನ್ನವ ಕತಿ ಬರಿ" ಅಂದರು. ನನ್ನವೇ ಕತೆಗಳು ಮಂಚದ ಕೆಳಗಿದ್ದವು. ಅದಲ್ಲದೆ ಅವರು ಕಳಿಸಿದ ಕತೆಯ ಸಾರಾಂಶದ ಕೊನೆಯಲ್ಲಿ ಒಂದು ಸಾಲಿತ್ತು: ಕ್ಯಾಪ್ಟನ್ ಗಾಯಗೊಂಡು ಸಾಯುತ್ತಾಳೆ, ಸರಕಿನ ನೌಕೆ ತಡವಾಗಿ ತಲುಪುತ್ತದೆ. ಆ ಸಾಲನ್ನು ಓದಿದ ಮೇಲೆ ನಾನು ಬೇಡ ಅನ್ನುವಂತಿರಲಿಲ್ಲ.

ಸಾರಾಂಶದ ಪ್ರಕಾರ ಸರಕಿನ ನೌಕೆ ತಡವಾಗುವುದು ಎಂಜಿನ್ ಕೆಟ್ಟದ್ದರಿಂದ. ನಾನು ಅದನ್ನು ಬದಲಿಸಿದೆ. ನನ್ನ ಪುಸ್ತಕದಲ್ಲಿ ಎಂಜಿನ್ನಿಗೆ ಏನೂ ಆಗುವುದಿಲ್ಲ. ಕರೆ ಬಂದಾಗ ಗಂಡ ಒಂದು ನಿಲ್ದಾಣದಲ್ಲಿ ಸರಕು ತುಂಬಿಸುತ್ತಿರುತ್ತಾನೆ. ಇಷ್ಟು ತುಂಬಿಸಿ ಹೊರಡುತ್ತೇನೆ ಅನ್ನುತ್ತಾನೆ. ಕೆಟ್ಟವನೇನಲ್ಲ. ಹೆಂಡತಿ ಸಾಯುತ್ತಾಳೆ ಎಂಬುದನ್ನು ನಂಬದವನು, ಅಷ್ಟೇ. ಇತ್ತ ಅವಳು ನೌಕೆಯ ಆಸ್ಪತ್ರೆಯಲ್ಲಿ ಮಲಗಿ, "ನನ್ನ ಬೂಟು ಎಲ್ಲಿಟ್ಟೀರಿ? ಅವರು ಬಂದರೆ ಹೊರಡಬೇಕು" ಅನ್ನುತ್ತಾಳೆ. ಕಿರಿಯ ವೈದ್ಯೆಯೊಬ್ಬಳು ಬೂಟು ತಂದು ಹಾಕಲು ನೋಡುತ್ತಾಳೆ, ಕಾಲಿಗೆ ಹೋಗುವುದಿಲ್ಲ. ಆ ಅಧ್ಯಾಯವನ್ನು ನಾನು ಬಹಳ ಸಲ ಬರೆದೆ. ಕೊನೆಗೆ ವಿಶೇಷಣಗಳನ್ನೆಲ್ಲ ಕಿತ್ತು ಹಾಕಿ, ಆದದ್ದನ್ನು ಆದಷ್ಟೇ ಇಟ್ಟೆ. ಮಂಚದ ಕೆಳಗಿನ ಎರಡು ಸಂಕಲನಗಳಲ್ಲಿ ಅದಕ್ಕೆ ಸರಿಸಾಟಿಯಾದ ಒಂದು ಪುಟವೂ ಇಲ್ಲ. ನಾನು ಬರೆದದ್ದರಲ್ಲಿ ಬಾಳುವುದು ಏನಾದರೂ ಇದ್ದರೆ ಅದು ಆ ಟೀವಿ ಪುಸ್ತಕದ ಕೊನೆಯ ಅಧ್ಯಾಯ. ಹಾಗೆಂದು ಯಾವ ವಿಮರ್ಶಕರೂ ಹೇಳಲಿಲ್ಲ. ಅವರು ಅಂಥ ಪುಸ್ತಕಗಳನ್ನು ಮುಟ್ಟುವುದಿಲ್ಲ.

ಆದರೆ ಜನ ಓದಿದರು. ಧಾರಾವಾಹಿ ನೋಡಿದ್ದ ಹುಡುಗ ಹುಡುಗಿಯರು ಓದಿದರು, ಅವರ ತಾಯಂದಿರು ಓದಿದರು. ನಮ್ಮ ಸೊಸೈಟಿಯ ಕೆಳಮಹಡಿಯಲ್ಲಿರುವ ಹಾಸನದ ಹುಡುಗಿ ಲಿಫ್ಟಿನಲ್ಲಿ ನನ್ನ ಕೈ ಹಿಡಿದುಕೊಂಡು, "ಆಂಟಿ, ಬೂಟು ಹೋಗಲ್ವಲ್ಲ, ಅಲ್ಲಿ ನಾನು ಅತ್ತುಬಿಟ್ಟೆ" ಅಂದಳು. ಇಲ್ಲಿನ ಕನ್ನಡಿಗರ ಒಂದು ಸಮಾರಂಭದಲ್ಲಿ ಶಾಲು ಹೊದಿಸಿದರು. ಎಷ್ಟೋ ವರ್ಷ ನನ್ನನ್ನು ಕಂಡರೂ ಕಾಣದ ಹಾಗೆ ಇದ್ದವರು ಪಕ್ಕಕ್ಕೆ ಬಂದು ಫೋಟೋ ತೆಗೆಸಿಕೊಂಡರು. ಸುಳ್ಳು ಯಾಕೆ ಹೇಳಲಿ, ನನಗೆ ಹಿತವಾಯಿತು.

ಮಾಮಾನಿಗೆ ಒಂದು ಪ್ರತಿ ಕಳಿಸಿದ್ದೆ. ಅವರು ನಮ್ಮ ಕಡೆ ಅಜ್ಜನ ಮನೆಯಲ್ಲಿದ್ದು ಏಳನೆಯ ಇಯತ್ತೆಯವರೆಗೆ ಕನ್ನಡ ಶಾಲೆಯಲ್ಲಿ ಓದಿದವರು. ಮುಟ್ಟಿತು ಎಂದು ಫೋನು ಮಾಡಿದರು. ಓದಿದಿರಾ ಎಂದು ನಾನು ಕೇಳಲಿಲ್ಲ, ಓದಿದೆ ಎಂದು ಅವರು ಹೇಳಲಿಲ್ಲ.

ಮರುವರ್ಷ ಕಂಪನಿಯ ಹುಡುಗ ಮತ್ತೆ ಕರೆದ. ಈ ಸಲ ಕಚೇರಿಗೇ ಬರಲು ಹೇಳಿದ. ಬಾಣೇರಿನಲ್ಲಿ ಗಾಜಿನ ಕಟ್ಟಡ. ಸಿಟಿ ಬಸ್ಸು ಬದಲಿಸಿ ಹೋದೆ. ಒಳಗೆ ಎಷ್ಟು ತಂಪೆಂದರೆ ಸೆರಗು ಹೊದ್ದು ಕೂತೆ. ಅವನ ಜೊತೆ ಮುಂಬೈಯಿಂದ ಬಂದ ಹೆಣ್ಣುಮಗಳೊಬ್ಬಳಿದ್ದಳು. ಅವಳೇ ಮೇಲಿನವಳು, ಆದರೆ ಕನ್ನಡ ಬಾರದು. ಹಾಗಾಗಿ ಅವನೇ ಮಾತಾಡಿದ.

"ಗುಡ್ ನ್ಯೂಸ್ ಮೇಡಂ. ಸೀರೀಸ್ ವಾಪಸ್ ಬರ್ತಾ ಇದೆ. ಜನ ಅಷ್ಟು ಕೇಳಿದ್ರು."

"ಛಲೋ ಆತಲ್ಲ," ಅಂದೆ.

"ಆದ್ರೆ ಕ್ಯಾಪ್ಟನ್ ಇಲ್ದೆ ಸೀರೀಸ್ ಇಲ್ಲ. ಅವರನ್ನ ವಾಪಸ್ ತರ್ತಾ ಇದೀವಿ."

"ಆಕಿ ಸತ್ತಾಳಲ್ಲ?"

ಅವನು ಆ ಹೆಣ್ಣುಮಗಳ ಕಡೆ ನೋಡಿ, ಮತ್ತೆ ನನ್ನ ಕಡೆ ತಿರುಗಿದ. "ಬುಕ್‌ನಲ್ಲಿ ಸತ್ತಿದಾರೆ ಮೇಡಂ. ಸ್ಕ್ರೀನ್ ಮೇಲೆ ಸತ್ತಿಲ್ಲ. ಸ್ಕ್ರೀನ್ ಮೇಲೆ ಆಗಿದ್ದೇ ಲೆಕ್ಕ. ಅದಕ್ಕೇ ಒಂದು ಸಣ್ಣ ಚೇಂಜ್ ಬೇಕಾಗಿತ್ತು. ಹೊಸ ಪ್ರಿಂಟ್ ಬರ್ತಾ ಇದೆ. ಲಾಸ್ಟ್ ಚಾಪ್ಟರ್ ಹಾಗೇ ಇರಲಿ, ತುಂಬಾ ಚೆನ್ನಾಗಿದೆ. ಕೊನೇ ಎರಡು ಪೇಜ್ ಮಾತ್ರ. ಅವರು ಕಣ್ಣು ಬಿಡ್ತಾರೆ. ಹಸ್ಬೆಂಡ್ ಟೈಮಿಗೆ ಸರಿಯಾಗಿ ಬರ್ತಾರೆ. ಅಷ್ಟೇ."

"ಅಷ್ಟೇ" ಎಂಬುದನ್ನು ಅವನು ಎಷ್ಟು ಮೆಲ್ಲಗೆ ಅಂದನೆಂದರೆ, ಅದು ಅಷ್ಟೇ ಅಲ್ಲ ಎಂದು ಅವನಿಗೂ ಗೊತ್ತಿತ್ತು ಅನ್ನಿಸಿತು.

ನಾನು ಆಗುವುದಿಲ್ಲ ಅಂದೆ. ಯಾಕೆ ಎಂದು ಕೇಳಿದ. ಅದು ನನ್ನ ಅಕ್ಕನ ಸಾವು ಎಂದು ಆ ತಣ್ಣನೆಯ ಕೋಣೆಯಲ್ಲಿ, ಕನ್ನಡ ಬಾರದ ಹೆಣ್ಣುಮಗಳ ಮುಂದೆ ಹೇಳಲು ನಾಲಗೆ ಏಳಲಿಲ್ಲ. ಕತೆಗೆ ಅದೇ ಸರಿ ಅಂದೆ. ಅವನು ನನ್ನ ಮಾತನ್ನು ಇಂಗ್ಲಿಷಿನಲ್ಲಿ ಅವಳಿಗೆ ಹೇಳಿದ. ಅವಳು ನನ್ನನ್ನು ನೋಡಿ ನಕ್ಕು, ನಿಮ್ಮ ಭಾವನೆಗಳನ್ನು ಗೌರವಿಸುತ್ತೇವೆ ಎಂದು ಹಿಂದಿಯಲ್ಲಿ ಅಂದಳು. ಆಮೇಲೆ, ಪಠ್ಯದ ಹಕ್ಕು ಕಂಪನಿಯದು, ಅದು ಒಪ್ಪಂದದಲ್ಲೇ ಇದೆ ಎಂದೂ ಅಂದಳು.

"ಹಂಗಾದ್ರ ನನ್ನ ಹೆಸರ ತಗೀರಿ," ಅಂದೆ.

ಹುಡುಗ ಗಾಬರಿಯಾದ. "ಅಯ್ಯೋ, ಅದು ಹೇಗಾಗುತ್ತೆ ಮೇಡಂ? ರೀಡರ್ಸ್ ನಿಮ್ಮನ್ನ ಗುರುತಿಸಿದಾರೆ. ಹೆಸರು ತೆಗೆದ್ರೆ ಅನ್ಯಾಯ ಆಗುತ್ತೆ."

ಆ ಪುಟಗಳನ್ನು ಬೆಂಗಳೂರಿನ ಯಾರೋ ಬರೆದುಕೊಟ್ಟರು. ಯಾರೆಂದು ನಾನು ಕೇಳಲಿಲ್ಲ. ಪುಸ್ತಕ ಬಂದಾಗ ನೋಡಿದೆ. ಕೈ ಪಳಗಿದವರೇ. ನನ್ನ ವಾಕ್ಯಗಳನ್ನು ಒಂದೂ ಬಿಡದೆ ಇಟ್ಟುಕೊಂಡು, ಬೂಟು ಕಾಲಿಗೆ ಹೋಗದ ಕಡೆಯಿಂದ ತಿರುವು ಕೊಟ್ಟಿದ್ದರು. ಅಲ್ಲಿ ಬಾಗಿಲು ತೆರೆಯುತ್ತದೆ, ಸರಕಿನ ನೌಕೆಯ ಗಂಡ ಬರುತ್ತಾನೆ. ತಾನೇ ಬಗ್ಗಿ ಬೂಟು ಹಾಕುತ್ತಾನೆ. ಅದು ಸಲೀಸಾಗಿ ಹೋಗುತ್ತದೆ.

ಇದಕ್ಕಿಂತ ಕಷ್ಟವಾದದ್ದು ಮುಂದಿನದು. ಧಾರಾವಾಹಿಯ ಮೂರನೆಯ ಭಾಗದ ಕನ್ನಡ ಸಂಭಾಷಣೆ ನನ್ನ ಕೈಗೇ ಬಂತು. ಹೊಸ ಭಾಗದ ಮೊದಲ ದೃಶ್ಯದಲ್ಲಿ ಕ್ಯಾಪ್ಟನ್ ಆಸ್ಪತ್ರೆಯ ಮಂಚದ ಮೇಲೆ ಕಣ್ಣು ತೆರೆಯುತ್ತಾಳೆ. ಸುತ್ತ ಎಲ್ಲರೂ ಉಸಿರು ಹಿಡಿದು ನಿಂತಿದ್ದಾರೆ. ಅವಳು ಹುಬ್ಬು ಗಂಟಿಕ್ಕಿ ಹಿಂದಿಯಲ್ಲಿ, ನನ್ನ ಬೂಟು ಎಲ್ಲಿಟ್ಟಿದ್ದೀರಿ, ಅನ್ನುತ್ತಾಳೆ. ಎಲ್ಲರೂ ಗೊಳ್ಳೆಂದು ನಗುತ್ತಾರೆ, ಸಂಗೀತ ಬರುತ್ತದೆ. ಕನ್ನಡ ಪುಸ್ತಕದ ಆ ಸಾಲು ಯಾರದೋ ಬಾಯಿಂದ ಮುಂಬೈಗೆ ಹೋಗಿ, ಅಲ್ಲಿನವರಿಗೆ ಹಿಡಿಸಿ, ಹಿಂದಿಯ ವೇಷ ತೊಟ್ಟು ನನ್ನ ಮೇಜಿಗೆ ವಾಪಸಾಗಿತ್ತು. ಈಗ ನಾನು ಅದನ್ನು ತುಟಿಗೆ ಹೊಂದಿಸಿ ಕನ್ನಡ ಮಾಡಿಕೊಡಬೇಕು.

ಅಕ್ಕ ಮಲಗುತ್ತಿದ್ದ ಗಾದಿ ಅದೇ ಕೋಣೆಯಲ್ಲಿ ಮಡಚಿ ಇಟ್ಟಿತ್ತು. ನಾನು ಆ ದೃಶ್ಯವನ್ನು ಹಿಂದೆ ಮುಂದೆ ಓಡಿಸಿ ನೋಡಿದೆ. ಕೊನೆಗೆ, "ನಾನು ಎಷ್ಟು ಹೊತ್ತು ಮಲಗಿದ್ದೆ?" ಎಂದು ಬರೆದು ಕಳಿಸಿದೆ. ಸಂಜೆಯೇ ಹುಡುಗನ ಸಂದೇಶ ಬಂತು. "ಮೇಡಂ, ಬೂಟಿನ ಲೈನೇ ಬೇಕಂತೆ. ನಿಮ್ಮದೇ ಲೈನ್ ಅಲ್ವಾ, ಬುಕ್‌ನಲ್ಲಿರೋ ಹಾಗೇ ಹಾಕಿಬಿಡಿ." ಪಕ್ಕದಲ್ಲಿ ನಗುವ ಮುಖದ ಚಿತ್ರ.

ನಾನು ಆ ಕೆಲಸ ಬಿಟ್ಟೆ. ಇನ್ನಾರೋ ಮಾಡಿದರು. "ನನ್ನ ಬೂಟ್ಸ್ ಎಲ್ಲಿಟ್ಟಿದ್ದೀರಾ?" ಎಂದು ಬಂತು. ಆ ಮಾತು ಜನರ ಬಾಯಿಗೆ ಬಿತ್ತು. ಹುಡುಗರು ಅದನ್ನು ಅಂಗಿಯ ಮೇಲೆ ಹಾಕಿಸಿಕೊಂಡರು. ಕೋಥರೂಡದ ಬಸ್ ಸ್ಟಾಪಿನಲ್ಲಿ ಅಂಥ ಅಂಗಿ ತೊಟ್ಟು ನಿಂತಿದ್ದ ಒಬ್ಬನ ಬೆನ್ನನ್ನು ನಾನು ಬಸ್ಸು ಬರುವವರೆಗೆ ನೋಡಿದ್ದೇನೆ. ಅವನು ನಮ್ಮ ಕಡೆಯವನೇ ಇರಬೇಕು, ಕನ್ನಡದಲ್ಲೇ ಬರೆಸಿಕೊಂಡಿದ್ದ.

ಈ ಸಂಕಟವನ್ನು ಅರ್ಥ ಮಾಡಿಕೊಳ್ಳಬಲ್ಲವರು ಭೂಮಿಯ ಮೇಲೆ ಇನ್ನೊಬ್ಬರೇ ಇದ್ದಾರೆ ಎಂದು ನನಗೆ ಅನ್ನಿಸಿತು. ಗಂಡ ಒಳ್ಳೆಯವರು, ಆದರೆ ಅವರು ಆ ಬೆಳಿಗ್ಗೆ ಆಸ್ಪತ್ರೆಯಲ್ಲಿ ಬಿಲ್ಲು ಔಷಧ ಎಂದು ಕೆಳಗೆ ಓಡಾಡುತ್ತಿದ್ದರೂ ಅಕ್ಕ ಅವರಿಗೆ ಹೆಂಡತಿಯ ಅಕ್ಕ ಮಾತ್ರ. ಮಾಮಾನಿಗೆ ಹೇಳೋಣ ಎಂದುಕೊಂಡೆ. ಅವರ ಮೇಲಿನ ಸಿಟ್ಟು ಇತ್ತು, ಇದ್ದರೂ ಈ ಒಂದು ವಿಷಯದಲ್ಲಿ ಅವರು ನನ್ನ ಕಡೆಗೇ ನಿಲ್ಲುತ್ತಾರೆ ಅನ್ನುವ ನಂಬಿಕೆಯೂ ಇತ್ತು. ಸ್ವಾರಗೇಟಿನಿಂದ ಬಸ್ಸು ಹಿಡಿದು ಸಾಸವಡಕ್ಕೆ ಹೋದೆ.

ಅಂಗಡಿಯಲ್ಲಿ ಗಿರಾಕಿಗಳಿರಲಿಲ್ಲ. ಮಾಮಾ ಗಲ್ಲಾಪೆಟ್ಟಿಗೆಯ ಹಿಂದೆ ಕೂತಿದ್ದರು. ಕನ್ನಡಕ ಮೂಗಿನ ತುದಿಗೆ ಜಾರಿತ್ತು. ಮುಂದೆ ನನ್ನ ಪುಸ್ತಕ, ಕೊನೆಯ ಪುಟಗಳ ಕಡೆ ತೆರೆದಿತ್ತು. ನನ್ನನ್ನು ನೋಡಿ ಮುಚ್ಚಲಿಲ್ಲ. "ಬಾರವಾ, ಬಾ. ಚಹಾ ಹೇಳತೀನಿ," ಅಂದರು.

"ಮಾಮಾ, ಅದು ಯಾವುದು? ನಾ ಕಳಿಸಿದ್ದೇನು?"

"ಅಲ್ಲ. ಇದು ಹೊಸಾದು. ಲಕ್ಷ್ಮೀ ರೋಡಿಗೆ ಮಾಲ ತರಲಿಕ್ಕೆ ಹೋದಾಗ ಅಪ್ಪಾ ಬಳವಂತ ಚೌಕದ ಪುಸ್ತಕದ ಅಂಗಡ್ಯಾಗ ತಗೊಂಡೆ."

"ಅದರ ಕಡೀದ್ದ ನಾ ಬರದದ್ದಲ್ಲ. ಅದನ್ನ ಹೇಳಲಿಕ್ಕೇ ಬಂದೆ. ಅವರು ನನ್ನ ಕೇಳದ ಬದಲಿ ಮಾಡ್ಯಾರ."

"ಗೊತ್ತದ," ಅಂದರು. "ಎರಡೂ ಓದೀನಿ ನಾ."

ಚಹಾ ಬಂತು. ಆಮೇಲೆ ಮಾಮಾ ಪುಸ್ತಕದ ಮೇಲೆ ಅಂಗೈ ಇಟ್ಟು ಅಂದರು, "ನೋಡವಾ, ಸಿಟ್ಟ ಆಗಬ್ಯಾಡ. ನನಗ ಇದ ಛಲೋ ಅನಸ್ತದ."

"ಏನಂದ್ರಿ?"

"ನಿನ್ನ ಪುಸ್ತಕದಾಗ ನಾ ತಡಾ ಮಾಡಿ ಬರತೀನಿ. ಇದರಾಗ ಹೊತ್ತಿಗೆ ಸರಿಯಾಗಿ ಬರತೀನಿ."

ಅವರು ಅದನ್ನು ಹಾಗೆ ಓದಿರಬಹುದು ಎಂದು ಗೊತ್ತಿತ್ತು. ಹಾಗೆ ಓದಲಿ ಎಂದೇ ಕಳಿಸಿದ್ದೆ. ಆದರೆ ಹೀಗೆ, ದಬರಿ ತಟ್ಟೆಗಳ ನಡುವೆ, ಹವಾಮಾನದ ಮಾತು ಆಡಿದ ಹಾಗೆ ಬಾಯಿಬಿಟ್ಟು ಹೇಳುತ್ತಾರೆಂದು ಎಣಿಸಿರಲಿಲ್ಲ.

"ಮಾಮಾ, ನೀವು ತಡಾ ಮಾಡಿದ್ದ ಖರೇ ಅದ," ಅಂದೆ. ನನ್ನ ದನಿ ನನಗೇ ಒರಟಾಗಿ ಕೇಳಿಸಿತು. "ನಾ ಫೋನ ಮಾಡಿದ್ದೆ. ಈಗಿಂದೀಗ ಬರ್ರಿ ಅಂದಿದ್ದೆ. ಆಕಿ ನಿಮ್ಮ ಹಾದಿ ನೋಡಿದ್ಲು."

"ಹೌದು. ನೋಡಿದ್ಲು."

"ಮತ್ತ ಈ ಸುಳ್ಳ ಯಾಕ ಬೇಕ್ರಿ ನಿಮಗ?"

"ಖರೇ ನಂಗ ಗೊತ್ತದಲ್ಲ," ಅಂದರು. "ಅದನ್ನ ಓದೂದ ಏನ ಅದ? ಎದ್ದಾಗೂ ಅದ, ಕೂತಾಗೂ ಅದ. ನೀ ಅದನ್ನ ಛಾಪಿಸಿ ಎಲ್ಲಾರಿಗೂ ಕೊಟ್ಟಿ. ಕೊಡು, ಇರಲಿ. ಬರದಾಕಿ ನೀ. ನಾ ಏನರ ಅಂದೇನು? ಇವರು ಯಾರೋ ನನ್ನ ಗುರ್ತ ಇಲ್ಲದವರು, ನನ್ನ ಆ ಖೋಲಿ ಒಳಗ ಬಿಟ್ಟಾರ. ಆಕಿ ಕಾಲಿಗೆ ಬೂಟ ಹಾಕಸ್ಯಾರ ನನ್ನ ಕೈಲೆ. ನಾ ಅಷ್ಟ ಓದತೀನಿ, ಮತ್ತ ಮುಚ್ಚಿ ಇಡತೀನಿ. ಯಾರ ಬರದರ ಏನ ನನಗ?"

ಅವರು ಅಳಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು. ಹೊರಗಿನಿಂದ ಯಾರೋ ಬಂದು ಕುಕ್ಕರಿನ ರಬ್ಬರು ಕೇಳಿದರು. ಮಾಮಾ ಎದ್ದು, ಮರಾಠಿಯಲ್ಲಿ ಯಾವ ಅಳತೆ ಎಂದು ವಿಚಾರಿಸಿ, ಮೊಳೆಗೆ ನೇತುಹಾಕಿದ್ದರಿಂದ ತೆಗೆದು ಕೊಟ್ಟರು. ಆ ಹೊತ್ತಿನಲ್ಲಿ ನಾನು ಆ ಪುಸ್ತಕವನ್ನು ನೋಡಿದೆ. ಆ ಎರಡು ಪುಟಗಳ ಅಂಚು ಕಪ್ಪಾಗಿತ್ತು. ಹಿಂದಿನ ಪುಟಗಳು, ನಾನು ಬರೆದವು, ಅಂಗಡಿಯಿಂದ ತಂದಾಗ ಹೇಗಿದ್ದವೋ ಹಾಗೆಯೇ ಇದ್ದವು.

ನಾನು ಊಟಕ್ಕೆ ನಿಲ್ಲಲಿಲ್ಲ. ಕೆಲಸ ಅದ ಅಂದೆ. ಅವರೂ ಒತ್ತಾಯ ಮಾಡಲಿಲ್ಲ. ಬಸ್ಸು ಘಾಟಿ ಇಳಿಯುವಾಗ ನನಗೆ ಬಂದ ಸಿಟ್ಟು ಮಾಮಾನ ಮೇಲೋ, ಆ ಹುಡುಗನ ಮೇಲೋ, ಬೆಂಗಳೂರಿನಲ್ಲಿ ಕೂತು ಅಷ್ಟು ಸಲೀಸಾಗಿ ಬೂಟು ಹಾಕಿಸಿದ ಆ ಯಾರೋ ಒಬ್ಬರ ಮೇಲೋ ಎಂದು ಬಿಡಿಸಲು ಬರಲಿಲ್ಲ. ನಾನು ಒಂದಿಡೀ ವರ್ಷ ಸವೆಸಿ ಬರೆದದ್ದು ಅಕ್ಕನ ಗಂಡನಿಗೆ ಬೇಡ. ಯಾರೋ ಒಂದು ವಾರದಲ್ಲಿ ಗೀಚಿಕೊಟ್ಟದ್ದು ಬೇಕು. ನನ್ನದು ಒಳ್ಳೆಯ ಬರವಣಿಗೆ, ಅದು ಅಗ್ಗದ್ದು ಎಂದು ಈಗಲೂ ನಿಂತ ನಿಲುವಿನಲ್ಲಿ ತೋರಿಸಿಕೊಡಬಲ್ಲೆ. ತೋರಿಸಿ ಏನು ಮಾಡಲಿ?

ಕ್ಷಮಿಸುವುದು ಎಂದು ಜನ ಸುಲಭವಾಗಿ ಅನ್ನುತ್ತಾರೆ. ಗಂಡ ಅಂದರು, ಕೆಳಮಹಡಿಯ ಹುಡುಗಿಗೆ ಹೇಳಿದಾಗ ಅವಳೂ ಅಂದಳು. ಪಾಪ ಅವರಿಗೂ ದುಃಖವಿರುತ್ತದಲ್ಲ ಆಂಟಿ ಎಂದು. ಇರುತ್ತದೆ. ನಾನು ಇಲ್ಲ ಅಂದಿಲ್ಲ. ಆದರೆ ಅಕ್ಕ ಮಂಚದ ಕೆಳಗೆ ಕೈ ಚಾಚಿದಾಗ ಅಲ್ಲಿ ಇದ್ದವಳು ನಾನು. ಅದನ್ನು ಅಳಿಸಿ ಬೇರೆಯವರನ್ನು ಆ ಕೋಣೆಗೆ ಬಿಟ್ಟರೆ, ನಾನು ಎಲ್ಲಿ ನಿಂತುಕೊಳ್ಳಲಿ? ಹೊಸ ಮುದ್ರಣದ ಕೊನೆಯಲ್ಲಿ ಆ ಕಿರಿಯ ವೈದ್ಯೆಯೂ ಇಲ್ಲ. ಗಂಡ ಬಂದ ಮೇಲೆ ಅವಳು ಹೊರಗೆ ಹೋಗುತ್ತಾಳೆ, ಬಾಗಿಲು ಮುಚ್ಚಿಕೊಳ್ಳುತ್ತದೆ.

ಈ ವರ್ಷದ ತಿಥಿಗೆ ಹೋಗಿದ್ದೆ. ಹೋಗದೆ ಇರಲಾಗುವುದಿಲ್ಲ. ಮಾಮಾ ಚೆನ್ನಾಗಿಯೇ ಮಾತಾಡಿಸಿದರು, ನಾನೂ ಮಾತಾಡಿದೆ. ಸ್ಟೀಲಿನ ರೇಟು ಏರಿದ್ದು, ಘಾಟಿನ ರಸ್ತೆ ಅಗಲ ಮಾಡುತ್ತಿರುವುದು, ನನ್ನ ಗಂಡನ ಬೆನ್ನುನೋವು. ಹೋಳಿಗೆಯ ಮೇಲೆ ತುಪ್ಪ ಹಾಕಲು ಬಂದವರು ಸೌಟು ಹಿಡಿದು ಅಲ್ಲೇ ನಿಂತು, ದನಿ ತಗ್ಗಿಸಿ ಕೇಳಿದರು:

"ಆ ಪುಸ್ತಕದ ಮುಂದಿನ ಭಾಗ ಯಾವಾಗ ಬರತದವಾ, ಗೊತ್ತದೇನು ನಿನಗ?"

"ಗೊತ್ತಿಲ್ಲ ಮಾಮಾ. ನಾ ಬಿಟ್ಟೀನಿ ಅದನ್ನ," ಅಂದೆ.

"ಹೌದು?" ಅಂದರು. ಸ್ವಲ್ಪ ಬೇಸರವಾದಂತಿತ್ತು. ಆಮೇಲೆ ತುಪ್ಪ ಹಾಕಿ ಮುಂದಿನ ಎಲೆಗೆ ಹೋದರು.